ಕಮೊಡೋರ್ 64ರಲ್ಲಿ ಕಾರ್ಟ್ರಿಜ್ ಆಟ ಶುರುವಾಗದಿದ್ದರೆ: ದೋಷ ಹುಡುಕುವ ಕ್ರಮ

ಸ್ವಿಚ್ ಹಾಕಿದ ಕ್ಷಣಕ್ಕೆ ಆಟ ಶುರುವಾಗಬೇಕು, ಯಂತ್ರದ ಪೋರ್ಟ್‌ಗೆ ಚುಚ್ಚುವ ಆಟದ ಡಬ್ಬಿ, ಅಂದರೆ ಕಾರ್ಟ್ರಿಜ್‌ನ ಸೊಗಸೇ ಅದು. 1982ರಲ್ಲಿ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರ್ ಮಾರಾಟಕ್ಕೆ ಬಂದ ಕಾಲದಲ್ಲಿ ಕ್ಯಾಸೆಟ್‌ನಿಂದ ಒಂದು ಆಟ ತುಂಬಿಸಿಕೊಳ್ಳಲು ನಿಮಿಷಗಟ್ಟಲೆ ಕಾಯಬೇಕಿತ್ತು. 1541 ಡಿಸ್ಕ್ ಡ್ರೈವ್ ಇದ್ದವರಿಗೂ ಕಾಯುವುದು ತಪ್ಪುತ್ತಿರಲಿಲ್ಲ. ಕಾರ್ಟ್ರಿಜ್‌ನಲ್ಲಾದರೆ ಆಟ ರೋಮ್ (ಓದಲು ಮಾತ್ರ ಬರುವ ನೆನಪಿನ) ಚಿಪ್‌ನೊಳಗೇ ಇರುತ್ತದೆ, ಲೋಡ್ ಮಾಡುವ ಮಾತೇ ಇಲ್ಲ. ಜುಪಿಟರ್ ಲ್ಯಾಂಡರ್, ರಾಡಾರ್ ರ‍್ಯಾಟ್ ರೇಸ್, ಕಿಕ್‌ಮನ್‌ನಂಥ ಮೊದಮೊದಲ ಆಟಗಳನ್ನು ಅಸಲಿ ಯಂತ್ರದಲ್ಲೇ ಮತ್ತೊಮ್ಮೆ ಆಡಬೇಕೆಂದು ಅಟ್ಟದಿಂದ ಪೆಟ್ಟಿಗೆ ಇಳಿಸಿದವರಿಗೆ ಸಾಮಾನ್ಯವಾಗಿ ಎದುರಾಗುವ ತೊಂದರೆ ಮೂರು ಬಗೆಯದು: ಪರದೆ ಪೂರ್ತಿ ಕಪ್ಪು, ಕಾರ್ಟ್ರಿಜ್ ಹಾಕಿಯೇ ಇಲ್ಲವೇನೋ ಎಂಬಂತೆ ಯಂತ್ರದಲ್ಲೇ ಇರುವ ಬೇಸಿಕ್ ಪ್ರೋಗ್ರಾಂ ಭಾಷೆಯ ನೀಲಿ ಪರದೆ, ಇಲ್ಲವೇ ಆಟದ ಹೆಸರು ಬಂದು ಅಲ್ಲಿಗೇ ನಿಂತುಹೋಗುವುದು.

ಈ ಮೂರರಲ್ಲಿ ಯಾವುದು ಕಂಡರೂ ತಕ್ಷಣ ‘ಪಿಎಲ್‌ಎ ಚಿಪ್ ಹೋಗಿದೆ’ ಎಂದು ತೀರ್ಮಾನಿಸುವವರು ಬಹಳ. ಯಾವ ವಿಳಾಸದಲ್ಲಿ ಯಾವ ನೆನಪಿನ ಚಿಪ್ ಕಾಣಬೇಕೆಂದು ನಿರ್ಧರಿಸುವ ಈ ಪಿಎಲ್‌ಎ ಹಾಳಾಗುವುದು ನಿಜ. ಆದರೆ ಪರೀಕ್ಷೆ ಮಾಡದೆ ಬೋರ್ಡ್‌ನಿಂದ 28 ಕಾಲಿನ ಚಿಪ್ಪನ್ನು ಬಿಚ್ಚಲು ಹೋದರೆ, ನಾಲ್ಕು ದಶಕ ಹಳೆಯ ತಾಮ್ರದ ಗೆರೆಗಳು ಬೆಸುಗೆಯ ಜೊತೆಗೇ ಎದ್ದುಬರುತ್ತವೆ. ಚೆನ್ನಾಗಿದ್ದ ಯಂತ್ರ ಆಮೇಲೆ ನಿಜವಾಗಿ ಕೆಡುತ್ತದೆ. ಕಮೊಡೋರ್ 64 ತನ್ನ ತೊಂದರೆಯ ಬಹುಪಾಲನ್ನು ಪರದೆಯ ಮೇಲೆ ತಾನೇ ಬರೆದು ತೋರಿಸುತ್ತದೆ. ಅದನ್ನು ಓದಲು ಕಲಿತರೆ ಹೆಚ್ಚಿನ ಸಂದರ್ಭಗಳಲ್ಲಿ ಬೆಸುಗೆ ಕಡ್ಡಿ ಮುಟ್ಟುವ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ಕೊಟ್ಟಿರುವ ಚಿಪ್ ಸಂಖ್ಯೆಗಳು ಮೊದಲ ಕಾಲದ ಕಂದು ಮಿಶ್ರಿತ ಬೂದು ಡಬ್ಬಿಯ, ಉದ್ದ ಬೋರ್ಡ್‌ನ ಯಂತ್ರಕ್ಕೆ ಸಂಬಂಧಿಸಿದವು. 64ಸಿ ಮಾದರಿಯ ಗಿಡ್ಡ ಬೋರ್ಡ್‌ನಲ್ಲಿ ಪಿಎಲ್‌ಎ ಕೆಲಸ 64 ಪಿನ್‌ನ ದೊಡ್ಡ ಚಿಪ್‌ನೊಳಗೆ ಸೇರಿಹೋಗಿದೆ, ರ‍್ಯಾಮ್ ಎಂಟರ ಬದಲು ಎರಡೇ ಚಿಪ್‌ನಲ್ಲಿದೆ. ಪರದೆ ಓದುವ ಕ್ರಮ ಮಾತ್ರ ಎರಡಕ್ಕೂ ಒಂದೇ.

ಪವರ್ ಸಪ್ಲೈ ನೋಡದೆ ಮುಂದೆ ಹೋಗಬೇಡಿ

ಕಾರ್ಟ್ರಿಜ್‌ಗೂ ಪವರ್ ಸಪ್ಲೈಗೂ ಏನು ಸಂಬಂಧ ಎನ್ನಿಸಬಹುದು. ಸಂಬಂಧ ಇಷ್ಟೇ: ಈ ಯಂತ್ರದ ಅಸಲಿ ಅಡಾಪ್ಟರ್ ಕೆಟ್ಟರೆ ಸುಮ್ಮನೆ ಕೆಡುವುದಿಲ್ಲ, ಜೊತೆಗೆ ಯಂತ್ರವನ್ನೂ ಕೊಲ್ಲುತ್ತದೆ. ಒಳಗಿನ ಭಾಗಗಳನ್ನು ಎಪಾಕ್ಸಿ ಎಂಬ ಗಟ್ಟಿಯಾಗುವ ಅಂಟು ಸುರಿದು ಮುಚ್ಚಿರುವುದರಿಂದ ಬಿಸಿ ಹೊರಹೋಗಲು ದಾರಿಯಿಲ್ಲ. ವರ್ಷಗಟ್ಟಲೆ ಕಾದ 5 ವೋಲ್ಟ್ ರೆಗ್ಯುಲೇಟರ್ ಒಂದು ದಿನ ಕೈಕೊಟ್ಟು 5 ವೋಲ್ಟ್ ತಂತಿಯಲ್ಲಿ ಹೆಚ್ಚಿನ ವೋಲ್ಟೇಜ್ ಬಿಡುತ್ತದೆ. ಮೊದಲು ಬಲಿಯಾಗುವವು ರ‍್ಯಾಮ್ ಚಿಪ್‌ಗಳು ಮತ್ತು ಪಿಎಲ್‌ಎ.

ಅಡಾಪ್ಟರ್ 7 ಪಿನ್‌ನ ಡಿನ್ ಪ್ಲಗ್‌ನಲ್ಲಿ ಎರಡು ಬಗೆಯ ವಿದ್ಯುತ್ ಕೊಡುತ್ತದೆ: 5ನೇ ಪಿನ್‌ನಲ್ಲಿ 5 ವೋಲ್ಟ್ ಡಿಸಿ, 6 ಮತ್ತು 7ರ ನಡುವೆ 9 ವೋಲ್ಟ್ ಎಸಿ. 2ನೇ ಪಿನ್ ಗ್ರೌಂಡ್. ಡಿನ್ ಪ್ಲಗ್‌ನ ಪಿನ್ ಸಂಖ್ಯೆಗಳು ಸಾಲಾಗಿ ಬರುವುದಿಲ್ಲ, ಆದ್ದರಿಂದ ಅಂದಾಜಿನ ಮೇಲೆ ಎಣಿಸದೆ ಚಿತ್ರ ನೋಡಿಕೊಂಡೇ ಮಲ್ಟಿಮೀಟರ್ ಇಡಿ. ಡಿಸಿ 4.75ರಿಂದ 5.25 ವೋಲ್ಟ್ ಒಳಗಿರಬೇಕು. 5.25 ದಾಟಿದರೆ ಆ ಅಡಾಪ್ಟರ್ ಮತ್ತೆ ಯಂತ್ರಕ್ಕೆ ಚುಚ್ಚಲೇಬೇಡಿ, ಹೊಸದಾಗಿ ಮಾಡಿದ ಬದಲಿ ಅಡಾಪ್ಟರ್ ತನ್ನಿ. ಒಮ್ಮೆ ಅಳೆದು ಸರಿ ಬಂದಿತೆಂದು ಪೂರ್ತಿ ನಂಬುವಂತೆಯೂ ಇಲ್ಲ. ರೆಗ್ಯುಲೇಟರ್ ಕಾದ ಮೇಲೆ ಹೆಚ್ಚು ಕೊಡಲು ಶುರುಮಾಡುವುದುಂಟು. ಅದಕ್ಕೇ ನನ್ನ ಮಟ್ಟಿಗೆ ಎಪಾಕ್ಸಿ ತುಂಬಿದ, ಇಟ್ಟಿಗೆಯಂಥ ಹಳೆಯ ಅಡಾಪ್ಟರನ್ನು ಪ್ರದರ್ಶನಕ್ಕೆ ಇಟ್ಟುಕೊಳ್ಳಬಹುದೇ ಹೊರತು ಬಳಕೆಗೆ ಅಲ್ಲ.

ಅಮೆರಿಕದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ತಂದುಕೊಟ್ಟ ಯಂತ್ರವಾದರೆ ಇನ್ನೊಂದು ಅಪಾಯವಿದೆ. ಅಲ್ಲಿನ ಅಡಾಪ್ಟರ್ 120 ವೋಲ್ಟ್‌ನದು, ನಮ್ಮ 230 ವೋಲ್ಟ್ ಸಾಕೆಟ್‌ಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬಳಸಿ, ಇಲ್ಲವೇ 230 ವೋಲ್ಟ್‌ಗೆ ಮಾಡಿದ ಅಡಾಪ್ಟರ್ ತನ್ನಿ. ಯಂತ್ರದ ಕಡೆಯ ಪ್ಲಗ್ ಮತ್ತು ವೋಲ್ಟೇಜ್ ಎರಡೂ ಕಡೆ ಒಂದೇ.

9 ವೋಲ್ಟ್ ಎಸಿಯನ್ನು ಮರೆಯಬೇಡಿ. ಹಳೆಯ ಬೋರ್ಡ್‌ಗಳಲ್ಲಿ ವಿಡಿಯೋ ಚಿಪ್‌ಗೆ ಬೇಕಾದ 12 ವೋಲ್ಟ್ ತಯಾರಾಗುವುದು ಇದರಿಂದಲೇ. ಯಂತ್ರದೊಳಗಿನ 1.5 ಆಂಪಿಯರ್ ಫ್ಯೂಸ್ ಹೋಗಿದ್ದರೆ ಕೆಂಪು ದೀಪ ಉರಿಯುತ್ತಿರುತ್ತದೆ, ಪರದೆ ಮಾತ್ರ ಕಪ್ಪು. ದೀಪ 5 ವೋಲ್ಟ್‌ನಿಂದ ಉರಿಯುವುದರಿಂದ ‘ಕರೆಂಟ್ ಬರುತ್ತಿದೆಯಲ್ಲ’ ಎಂದು ಅದು ದಾರಿ ತಪ್ಪಿಸುತ್ತದೆ. ಫ್ಯೂಸ್ ತೆಗೆದು ಮಲ್ಟಿಮೀಟರ್‌ನ ಬೀಪ್ ಪರೀಕ್ಷೆ ಮಾಡಿ, ತುಂಡಾಗಿಲ್ಲದಿದ್ದರೆ ಅದು ಬೀಪ್ ಎನ್ನುತ್ತದೆ.

ಕಾರ್ಟ್ರಿಜ್ ಇಲ್ಲದೆ ಒಮ್ಮೆ ಆನ್ ಮಾಡಿ

ಪೋರ್ಟ್ ಖಾಲಿ ಇಟ್ಟು ಸ್ವಿಚ್ ಹಾಕಿ. ನೀಲಿ ಪರದೆಯ ಮೇಲೆ ಎರಡನೇ ಸಾಲಿನಲ್ಲಿ 64ಕೆ ರ‍್ಯಾಮ್ ಸಿಸ್ಟಂ ಎಂದು ಬರೆದು, ಪಕ್ಕದಲ್ಲಿ ಬೇಸಿಕ್‌ಗೆ ಖಾಲಿ ಇರುವ ಬೈಟ್‌ಗಳ ಲೆಕ್ಕ ಬರುತ್ತದೆ. ಅದು 38911 ಆಗಿರಬೇಕು. ಕೆಳಗೆ ರೆಡಿ ಎಂದು ಬಂದು ಕರ್ಸರ್ ಮಿಟುಕಬೇಕು.

ಪ್ರತಿ ಸಲ ಆನ್ ಮಾಡಿದಾಗಲೂ ಯಂತ್ರ ರ‍್ಯಾಮ್‌ನ ಒಂದೊಂದು ಬೈಟ್‌ಗೂ ಏನನ್ನೋ ಬರೆದು, ತಿರುಗಿ ಓದಿ, ಹೊಂದುತ್ತದೆಯೇ ನೋಡುತ್ತ ಮೇಲಕ್ಕೆ ಹೋಗುತ್ತದೆ. ಬರೆದದ್ದು ಮತ್ತು ಓದಿದ್ದು ಬೇರೆಯಾದ ಮೊದಲ ಜಾಗದಲ್ಲಿ ನಿಲ್ಲುತ್ತದೆ. ಆರೋಗ್ಯವಾಗಿರುವ ಯಂತ್ರದಲ್ಲಿ ಬೇಸಿಕ್ ರೋಮ್ ಶುರುವಾಗುವ 40960ನೇ ವಿಳಾಸದಲ್ಲಿ ಅದು ನಿಲ್ಲುತ್ತದೆ. 38911 ಎಂಬ ಲೆಕ್ಕ ಬರುವುದು ಅಲ್ಲಿಂದ. ಹಾಗಾಗಿ ಆ ಸಂಖ್ಯೆ ಬರೀ ಸ್ವಾಗತದ ಸಾಲಲ್ಲ, ನೆನಪಿನ ಕೋಶದಲ್ಲಿ ಎಲ್ಲಿ ತಡೆ ಸಿಕ್ಕಿತು ಎಂಬುದರ ವರದಿ.

ಕಾರ್ಟ್ರಿಜ್ ಇಲ್ಲದೆಯೇ 30719 ಎಂದು ಬಂದರೆ ಪೋರ್ಟ್‌ನೊಳಗೆ ನೋಡಿ. 9ನೇ ಸಂಪರ್ಕ ಬಗ್ಗಿಯೋ, ಲೋಹದ ಚೂರು ಬಿದ್ದೋ ಗ್ರೌಂಡ್‌ಗೆ ತಾಗುತ್ತಿರುವ ಸಾಧ್ಯತೆ ಹೆಚ್ಚು. ಕಾರ್ಟ್ರಿಜ್ ಇಲ್ಲದೆ ಕಪ್ಪು ಪರದೆ ಬಂದರೂ, ಚಿಪ್‌ಗಳನ್ನು ಅನುಮಾನಿಸುವ ಮೊದಲು 8ನೇ ಸಂಪರ್ಕ ಬಗ್ಗಿದೆಯೇ ನೋಡುವುದು ಒಳ್ಳೆಯದು. 38911 ಅಲ್ಲದ, 30719ಕ್ಕಿಂತಲೂ ಕಡಿಮೆಯ ಯಾವುದೋ ಸಂಖ್ಯೆ ಬಂದರೆ ಅದು ರ‍್ಯಾಮ್ ದೋಷ, ಕಾರ್ಟ್ರಿಜ್‌ನದಲ್ಲ. ರೆಡಿ ಬಂದು ಕರ್ಸರ್ ಮಿಟುಕದಿದ್ದರೆ ಕೀಬೋರ್ಡ್, ಜಾಯ್‌ಸ್ಟಿಕ್‌ಗಳನ್ನು ಓದುವ ಮೊದಲ ಸಿಐಎ ಚಿಪ್, ಅಂದರೆ ಬೋರ್ಡ್ ಮೇಲೆ ಯು1 ಎಂದು ಗುರುತಿಸಿದ ಜಾಗದಲ್ಲಿರುವ 6526 ನೋಡಿ. ಯು2ರಲ್ಲೂ ಅದೇ 6526 ಇದೆ. ಎರಡೂ ಸಾಕೆಟ್‌ನಲ್ಲಿದ್ದರೆ ಅದಲುಬದಲು ಮಾಡಿ ನೋಡಲು ಖರ್ಚಿಲ್ಲ.

ಎರಡು ತಂತಿ, ನಾಲ್ಕು ಸ್ಥಿತಿ

ಕೈಪಿಡಿಯ ತಿರುಳು ಇರುವುದು ಇಲ್ಲಿ. ಕಾರ್ಟ್ರಿಜ್ ಪೋರ್ಟ್‌ನಲ್ಲಿ ಒಟ್ಟು 44 ಸಂಪರ್ಕಗಳು, ಮೇಲೆ 22, ಕೆಳಗೆ 22. ಅವುಗಳಲ್ಲಿ 8ನೆಯದಕ್ಕೆ ಗೇಮ್ ಎಂದೂ 9ನೆಯದಕ್ಕೆ ಎಕ್ಸ್‌ರೋಮ್ ಎಂದೂ ಹೆಸರು. ಯಂತ್ರದೊಳಗೆ ಇವೆರಡೂ ರೆಸಿಸ್ಟರ್ ಮೂಲಕ 5 ವೋಲ್ಟ್‌ಗೆ ಕಟ್ಟಿಕೊಂಡು ಮೇಲೆ ನಿಂತಿರುತ್ತವೆ. ಕಾರ್ಟ್ರಿಜ್ ತನಗೆ ಬೇಕಾದ್ದನ್ನು ಗ್ರೌಂಡ್‌ಗೆ ಎಳೆಯುತ್ತದೆ. ಯಾವುದು ಕೆಳಗಿಳಿಯಿತು ಎಂಬುದನ್ನು ನೋಡಿ ಪಿಎಲ್‌ಎ ಚಿಪ್ ನೆನಪಿನ ನಕ್ಷೆಯನ್ನೇ ಬದಲಾಯಿಸುತ್ತದೆ.

ಎಕ್ಸ್‌ರೋಮ್ ಒಂದೇ ಕೆಳಗಿದ್ದರೆ ಅದು 8ಕೆ, ಅಂದರೆ 8192 ಬೈಟ್‌ನ ಕಾರ್ಟ್ರಿಜ್. ಅದರ ರೋಮ್ 32768ನೇ ವಿಳಾಸದಿಂದ ಕಾಣಿಸುತ್ತದೆ. ಎರಡೂ ಕೆಳಗಿದ್ದರೆ 16ಕೆ. ಮೊದಲರ್ಧ 32768ರಿಂದ, ಉಳಿದರ್ಧ 40960ರಿಂದ, ಬೇಸಿಕ್ ಇರಬೇಕಾದ ಜಾಗದಲ್ಲೇ ಕೂರುತ್ತದೆ. ಗೇಮ್ ಒಂದೇ ಕೆಳಗಿದ್ದರೆ ಅಲ್ಟಿಮ್ಯಾಕ್ಸ್ ಸ್ಥಿತಿ. 1982ರಲ್ಲಿ ಜಪಾನ್‌ನಲ್ಲಿ ಬಂದ ಮ್ಯಾಕ್ಸ್ ಮಷೀನ್ ಎಂಬ ಚಿಕ್ಕ ಯಂತ್ರದ ಆಟಗಳು ಕಮೊಡೋರ್ 64ರಲ್ಲೂ ನಡೆಯಲಿ ಎಂದು ಇಟ್ಟ ವ್ಯವಸ್ಥೆ ಇದು. ಜುಪಿಟರ್ ಲ್ಯಾಂಡರ್, ಕಿಕ್‌ಮನ್ ಈ ಜಾತಿಗೆ ಸೇರಿದವು. ಈ ಸ್ಥಿತಿಯಲ್ಲಿ ರ‍್ಯಾಮ್ ಕಾಣುವುದು ಮೊದಲ 4ಕೆ ಮಾತ್ರ. ಯಂತ್ರವನ್ನು ಎಬ್ಬಿಸಿ ನಡೆಸುವ ಮೂಲ ಪ್ರೋಗ್ರಾಂ ಇರುವ ಸ್ವಂತ ಕರ್ನಲ್ ರೋಮ್ ಪಕ್ಕಕ್ಕೆ ಸರಿದು, ಆ ಜಾಗದಲ್ಲಿ ಕಾರ್ಟ್ರಿಜ್ ಬಂದು ಕೂರುತ್ತದೆ.

ಈಗ ದೋಷದ ಕಡೆ ಬನ್ನಿ. ನಿಮ್ಮ ಕೈಯಲ್ಲಿರುವುದು 16ಕೆ ಆಟ ಎಂದಿಟ್ಟುಕೊಳ್ಳೋಣ. 8 ಮತ್ತು 9 ಎರಡೂ ತಾಗದಿದ್ದರೆ ಯಂತ್ರಕ್ಕೆ ಕಾರ್ಟ್ರಿಜ್ ಇರುವುದೇ ಗೊತ್ತಾಗುವುದಿಲ್ಲ, 38911 ಎಂದು ತಣ್ಣಗೆ ಬರುತ್ತದೆ. 9 ಮಾತ್ರ ತಾಗದಿದ್ದರೆ ಯಂತ್ರ ಅದನ್ನು ಅಲ್ಟಿಮ್ಯಾಕ್ಸ್ ಎಂದು ತಿಳಿದು, ಪ್ರಾರಂಭದ ವಿಳಾಸವನ್ನು ತಪ್ಪು ಜಾಗದಿಂದ ಓದಿ ಕಪ್ಪು ಪರದೆಯಲ್ಲಿ ಕಳೆದುಹೋಗುತ್ತದೆ. 8 ಮಾತ್ರ ತಾಗದಿದ್ದರೆ ಅದನ್ನು 8ಕೆ ಎಂದುಕೊಳ್ಳುತ್ತದೆ. ಆಟ ಶುರುವಾಗುತ್ತದೆ, ಹೆಸರು ಬರುತ್ತದೆ, ಸಂಗೀತವೂ ಬರಬಹುದು. ಆಟದ ಉಳಿದರ್ಧಕ್ಕೆ ಕಾಲಿಟ್ಟ ಕೂಡಲೇ ಅಲ್ಲಿ ಆಟದ ಬದಲು ಬೇಸಿಕ್ ಸಿಕ್ಕಿ ನಿಂತುಬಿಡುತ್ತದೆ. ಮೂರು ಬೇರೆಬೇರೆ ‘ರೋಗ’ಗಳಂತೆ ಕಾಣುವ ಇವು ಪಕ್ಕಪಕ್ಕದ ಎರಡು ಸಂಪರ್ಕಗಳ ಮೇಲೆ ಕೂತ ಕಿಲುಬಿನಿಂದ ಆಗಬಹುದು. ‘ಆಟದ ಹೆಸರು ಬಂದು ನಿಲ್ಲುತ್ತಿದೆ, ರೋಮ್ ಅರ್ಧ ಸತ್ತಿದೆ’ ಎಂದು ಕಾರ್ಟ್ರಿಜ್ ಬಿಸಾಡಲು ಹೊರಟವರಿಗೆ ನಾನು ಮೊದಲು ಹೇಳುವುದು ಇದನ್ನೇ.

8ಕೆ ಆಟವಾದರೆ ಓದುವುದು ಇನ್ನೂ ಸುಲಭ. 38911 ಬಂದರೆ 9ನೇ ಸಂಪರ್ಕ ತಾಗಿಲ್ಲ, ಅಥವಾ ಪಿಎಲ್‌ಎ ಅದನ್ನು ಗಮನಿಸುತ್ತಿಲ್ಲ. 30719 ಬಂದರೆ ಕಾರ್ಟ್ರಿಜ್ ಯಂತ್ರಕ್ಕೆ ಕಾಣುತ್ತಿದೆ. 8192 ಬೈಟ್ ಕಡಿಮೆಯಾಗಿರುವುದೇ ಅದಕ್ಕೆ ಸಾಕ್ಷಿ. ಆದರೂ ಆಟ ಶುರುವಾಗಿಲ್ಲ ಎಂದರೆ ಅದರೊಳಗಿನ ಗುರುತನ್ನು ಯಂತ್ರ ತಪ್ಪಾಗಿ ಓದುತ್ತಿದೆ.

ಗುರುತಿನ ಐದು ಬೈಟ್

ಕಾರ್ಟ್ರಿಜ್ ತಾನಾಗಿ ಶುರುವಾಗಬೇಕಾದರೆ 32772ರಿಂದ 32776ರವರೆಗಿನ ಐದು ವಿಳಾಸಗಳಲ್ಲಿ ‘ಸಿಬಿಎಂ80’ ಎಂಬ ಗುರುತು ಇರಬೇಕು. ಆನ್ ಆದ ಕೂಡಲೇ ಕರ್ನಲ್ ಇದನ್ನು ಹುಡುಕುತ್ತದೆ. ಐದರಲ್ಲಿ ಒಂದು ಬೈಟ್ ತಪ್ಪಿದರೂ ಆಟದ ಕಡೆ ತಿರುಗದೆ ಬೇಸಿಕ್‌ಗೆ ಹೋಗುತ್ತದೆ. ಅಲ್ಟಿಮ್ಯಾಕ್ಸ್ ಆಟಗಳಲ್ಲಿ ಕರ್ನಲ್ಲೇ ಇಲ್ಲದ್ದರಿಂದ ಈ ಪರೀಕ್ಷೆ ಅವಕ್ಕೆ ಅನ್ವಯಿಸುವುದಿಲ್ಲ.

30719 ಕಂಡ ಪರದೆಯಲ್ಲಿ ಒಂದು ವಿಳಾಸದಲ್ಲಿರುವ ಸಂಖ್ಯೆಯನ್ನು ತೋರಿಸುವ ಪ್ರಿಂಟ್ ಪೀಕ್ (PRINT PEEK) ಆಜ್ಞೆ ಕೊಟ್ಟು ಆ ಐದು ವಿಳಾಸಗಳನ್ನು ಒಂದೊಂದಾಗಿ ಓದಿ. ಬರಬೇಕಾದ್ದು ಕ್ರಮವಾಗಿ 195, 194, 205, 56, 48. ಬಂದದ್ದನ್ನು ಕಾಗದದ ಮೇಲೆ ಬರೆದುಕೊಂಡು ಎರಡನ್ನೂ ಹೋಲಿಸಿ. ಉದಾಹರಣೆಗೆ 195, 194, 197, 48, 48 ಬಂತು ಎನ್ನಿ. ಮೂರನೆಯದರಲ್ಲಿ 8 ಕಡಿಮೆ, ನಾಲ್ಕನೆಯದರಲ್ಲೂ 8 ಕಡಿಮೆ. ಉಳಿದ ಮೂರರಲ್ಲಿ 8ರ ಬಿಟ್ ಮೊದಲೇ ಸೊನ್ನೆ, ಹಾಗಾಗಿ ಅವು ಬದಲಾಗಿಲ್ಲ. ಎಂದರೆ 8ರ ಬೆಲೆಯ ಬಿಟ್ ಸಾಗುವ ಡಿ3 ತಂತಿ ಯಾವಾಗಲೂ ಸೊನ್ನೆ ಓದುತ್ತಿದೆ. ಪೋರ್ಟ್‌ನಲ್ಲಿ ಡಿ7 ಇರುವುದು 14ರಲ್ಲಿ, ಅಲ್ಲಿಂದ ಇಳಿಕ್ರಮದಲ್ಲಿ 21ರಲ್ಲಿ ಡಿ0. ಡಿ3 ಅಂದರೆ 18ನೇ ಸಂಪರ್ಕ. ಎಲ್ಲ ಐದರಲ್ಲೂ 1ರ ಬಿಟ್ ಅಂಟಿಕೊಂಡಿದ್ದರೆ 195, 195, 205, 57, 49 ಬರುತ್ತದೆ. ಆಗ 21ನ್ನು ನೋಡಬೇಕು.

ಇದೇ ಓದುವಿಕೆಯನ್ನು ಹಲವು ಸಲ ಮಾಡಿ. ಸಂಖ್ಯೆ ಪ್ರತಿ ಸಲ ಬೇರೆಯಾಗುತ್ತಿದ್ದರೆ ತಂತಿ ತೇಲಾಡುತ್ತಿದೆ, ಸಂಪರ್ಕ ಕೊಳೆಯಾಗಿದೆ ಎಂದರ್ಥ. ಇದು ಒಳ್ಳೆಯ ಸುದ್ದಿ, ಒರೆಸಿದರೆ ಸರಿಹೋಗುತ್ತದೆ. ಪ್ರತಿ ಸಲವೂ ಅದೇ ತಪ್ಪು ಬಂದರೆ ರೋಮ್ ಚಿಪ್‌ನ ಕಾಲು, ಅದರ ಬೆಸುಗೆ, ಅಥವಾ ರೋಮ್ ಚಿಪ್ಪೇ ಕೆಟ್ಟಿರುವ ಕಡೆ ಅನುಮಾನ ತಿರುಗಬೇಕು.

ಐದೂ ಸರಿಯಾಗಿ ಬಂದು ಆಟ ಮಾತ್ರ ಶುರುವಾಗಿಲ್ಲವೇ? ಆನ್ ಮಾಡಿದ ಕ್ಷಣದಲ್ಲಿ ಮಾತ್ರ ತಪ್ಪಾಗಿ ಓದಿರಬಹುದು. ಕೊಟ್ಟ ವಿಳಾಸದಿಂದ ಪ್ರೋಗ್ರಾಂ ಓಡಿಸುವ ಸಿಸ್ (SYS) ಆಜ್ಞೆಯನ್ನು ಸಿಸ್ 64738 ಎಂದು ಕೊಟ್ಟರೆ ಯಂತ್ರ ಮತ್ತೆ ಮೊದಲಿನಿಂದ ಶುರುವಾಗಿ ಗುರುತನ್ನು ಇನ್ನೊಮ್ಮೆ ಹುಡುಕುತ್ತದೆ. ಆಗ ಆಟ ತೆರೆದರೆ ಸಂಪರ್ಕ ಅಂಚಿನಲ್ಲಿದೆ, ಒರೆಸುವ ಕೆಲಸ ಬಾಕಿ ಇದೆ ಎಂದು ತಿಳಿಯಿರಿ. ಗುರುತಿನ ಬೈಟ್ ಒಂದೇ ಹಾಳಾಗಿದ್ದರೆ 32768 ಮತ್ತು 32769ರಲ್ಲಿರುವ ಪ್ರಾರಂಭ ವಿಳಾಸವನ್ನು ಓದಿ, ಎರಡನೆಯದನ್ನು 256ರಿಂದ ಗುಣಿಸಿ ಮೊದಲನೆಯದಕ್ಕೆ ಕೂಡಿಸಿ, ಬಂದ ಸಂಖ್ಯೆಯನ್ನು ಸಿಸ್ ಆಜ್ಞೆಗೆ ಕೊಡಿ. ಎಷ್ಟೋ ಆಟಗಳು ಹೀಗೂ ಎದ್ದು ಬರುತ್ತವೆ.

ಸಂಪರ್ಕದ ಅಂಚನ್ನು ಹತ್ತಿರದಿಂದ ನೋಡುವುದು

ಒರೆಸುವ ಮೊದಲು ನೋಡಿ, ಇದು ಮುಖ್ಯ. ಒರೆಸಿದ ಮೇಲೆ ಸಾಕ್ಷಿ ಅಳಿಸಿಹೋಗುತ್ತದೆ. ಕಾರ್ಟ್ರಿಜ್‌ನ ಅಂಚನ್ನು ಟೇಬಲ್ ಲ್ಯಾಂಪ್ ಕೆಳಗೆ ಓರೆಯಾಗಿ ಹಿಡಿದು, ಭೂತಗನ್ನಡಿ ಇದ್ದರೆ ಅದರಲ್ಲಿ, ಒಂದೊಂದೇ ಪಟ್ಟಿಯ ಮೇಲೆ ಕಣ್ಣಾಡಿಸಿ. ಪೋರ್ಟ್‌ನ ಸ್ಪ್ರಿಂಗ್ ಪ್ರತಿ ಸಲ ಉಜ್ಜಿ ಉಜ್ಜಿ ಪ್ರತಿ ಪಟ್ಟಿಯ ನಡುವೆ ಕೂದಲೆಳೆಯಷ್ಟು ತೆಳುವಾದ ಹೊಳೆಯುವ ಗೆರೆ ಎಳೆದಿರುತ್ತದೆ. ಸುತ್ತಲೂ ಮಂಕು, ಗೆರೆ ಮಾತ್ರ ಹೊಳಪು. ಸಾಲಿನಲ್ಲಿ ಒಂದು ಪಟ್ಟಿಯ ಮೇಲೆ ಗೆರೆ ಇಲ್ಲದಿದ್ದರೆ, ಅಥವಾ ಗೆರೆ ಅಂಚಿನಲ್ಲೇ ನಿಂತು ಒಳಗೆ ಹೋಗಿಲ್ಲದಿದ್ದರೆ, ಆ ಸ್ಥಾನದಲ್ಲಿ ಪೋರ್ಟ್‌ನ ಸ್ಪ್ರಿಂಗ್ ತಾಗುತ್ತಲೇ ಇಲ್ಲ. ಅದು ಕಾರ್ಟ್ರಿಜ್‌ನ ಕೊಳೆಯಲ್ಲ, ಪೋರ್ಟ್‌ನ ಸ್ಪ್ರಿಂಗ್ ಹಿಂದೆ ಸರಿದಿರುವುದು. ಟಾರ್ಚ್ ಹಾಕಿ ಪೋರ್ಟ್‌ನ ಅದೇ ಸ್ಥಾನವನ್ನು ನೋಡಿದರೆ ಉಳಿದವುಗಳ ಸಾಲಿನಿಂದ ಅದೊಂದು ಹಿಂದಕ್ಕೆ ಕೂತಿರುವುದು ಕಾಣುತ್ತದೆ. ಪವರ್ ಪ್ಲಗ್ ಕಿತ್ತಿಟ್ಟು, ಸಣ್ಣ ದಂತಕಡ್ಡಿಯಂಥ ಲೋಹವಲ್ಲದ ಮೊನೆಯಿಂದ ಮೆತ್ತಗೆ ಮುಂದಕ್ಕೆ ತನ್ನಿ. ಜೋರು ಮಾಡಿದರೆ ಮುರಿಯುತ್ತದೆ.

ಒರೆಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಅಂದರೆ ಅಂಗಡಿಯವರ ಬಾಯಲ್ಲಿ ಐಪಿಎ, ಸಾಕು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ, ಮೊಬೈಲ್ ರಿಪೇರಿ ಸಾಮಾನು ಮಾರುವಲ್ಲೆಲ್ಲ ಸಿಗುತ್ತದೆ. ಇಯರ್‌ಬಡ್‌ಗೆ ಹಚ್ಚಿ, ಪಟ್ಟಿಯ ಉದ್ದಕ್ಕೆ ಒಳಗಿನಿಂದ ಹೊರಕ್ಕೆ ಎಳೆಯಿರಿ. ಅಡ್ಡಡ್ಡ ಉಜ್ಜಿದರೆ ಒಂದು ಪಟ್ಟಿಯ ಕೊಳೆ ಪಕ್ಕದ್ದಕ್ಕೆ ಬಳಿಯುತ್ತದೆ. ಹತ್ತಿ ಬಿಳಿಯಾಗಿ ಬರುವವರೆಗೂ ಬಡ್ ಬದಲಿಸುತ್ತ ಹೋಗಿ. ಹಸಿರು ಕಿಲುಬು ಗಟ್ಟಿಯಾಗಿ ಕೂತಿದ್ದರೆ ಪೆನ್ಸಿಲ್ ಅಳಿಸುವ ಮೆತ್ತನೆಯ ಬಿಳಿ ರಬ್ಬರ್‌ನಿಂದ ಹಗುರವಾಗಿ ಉಜ್ಜಿ, ಪುಡಿಯನ್ನು ಪೂರ್ತಿ ಒರೆಸಿ ತೆಗೆಯಿರಿ. ಮರಳು ಕಾಗದ ಬೇಡ. ಅದು ಮೇಲಿನ ತೆಳು ಲೇಪವನ್ನೇ ಕಿತ್ತು, ಒಂದು ವಾರ ಚೆನ್ನಾಗಿ ನಡೆದು ಆಮೇಲೆ ಮೊದಲಿಗಿಂತ ಬೇಗ ಕಿಲುಬು ಹಿಡಿಯುವಂತೆ ಮಾಡುತ್ತದೆ. ತುಕ್ಕು ಬಿಡಿಸುವ ಎಣ್ಣೆ ಸ್ಪ್ರೇಗಳೂ ಬೇಡ. ಎಣ್ಣೆಯ ಪದರ ಉಳಿದು ದೂಳನ್ನು ಹಿಡಿದಿಟ್ಟುಕೊಳ್ಳುತ್ತದೆ.

ಪೋರ್ಟ್‌ನ ಒಳಭಾಗಕ್ಕೆ ಗಟ್ಟಿ ಕಾಗದದ ಪಟ್ಟಿಯನ್ನು ಆಲ್ಕೋಹಾಲ್‌ನಲ್ಲಿ ತೇವ ಮಾಡಿ, ಕಾರ್ಟ್ರಿಜ್ ಹಾಕುವಂತೆಯೇ ಹಾಕಿ ತೆಗೆಯಿರಿ. ಪೂರ್ತಿ ಒಣಗದೆ ಸ್ವಿಚ್ ಹಾಕಬಾರದು.

ಯಂತ್ರ ಆನ್ ಇರುವಾಗ ಕಾರ್ಟ್ರಿಜ್ ಹಾಕುವುದನ್ನೂ ಕೀಳುವುದನ್ನೂ ಎಂದಿಗೂ ಮಾಡಬೇಡಿ. 1ನೇ ಸಂಪರ್ಕ ಗ್ರೌಂಡ್, ಅದರ ಪಕ್ಕದ 2 ಮತ್ತು 3 ನೇರ 5 ವೋಲ್ಟ್. ಕಾರ್ಟ್ರಿಜ್ ಸ್ವಲ್ಪ ಓರೆಯಾದರೂ ಅವು ಒಂದಕ್ಕೊಂದು ತಾಗುತ್ತವೆ. ಒಳ್ಳೆಯ ಯಂತ್ರ ಸತ್ತ ಕಥೆಗಳಲ್ಲಿ ಇದರ ಪಾಲು ದೊಡ್ಡದು.

ಯಂತ್ರವಿಲ್ಲದೆ ಕಾರ್ಟ್ರಿಜ್ ಪರೀಕ್ಷೆ

ಮಲ್ಟಿಮೀಟರ್ ಬೀಪ್ ಸ್ಥಿತಿಯಲ್ಲಿಡಿ. ಅಂಚಿನ ತುತ್ತತುದಿಯ ನಾಲ್ಕು ಪಟ್ಟಿಗಳು, ಮೇಲಿನ ಎರಡು, ಕೆಳಗಿನ ಎರಡು, ಎಲ್ಲವೂ ಗ್ರೌಂಡ್. 1ನೆಯದು ಯಾವ ತುದಿ ಎಂದು ತಿಳಿಯಲು 5 ವೋಲ್ಟ್ ಹುಡುಕಿ: ತುದಿಯಿಂದ ಎರಡನೆಯ ಮತ್ತು ಮೂರನೆಯ ಪಟ್ಟಿಗಳು ಒಂದಕ್ಕೊಂದು ಕೂಡಿಕೊಂಡು ರೋಮ್ ಚಿಪ್‌ನ ಕೊನೆಯ ಕಾಲಿಗೆ ಹೋಗುವ ತುದಿಯೇ 1. ಅಲ್ಲಿಂದ ಎಣಿಸಿ 8 ಮತ್ತು 9ನ್ನು ಹಿಡಿಯಿರಿ. ಹಳೆಯ ಸರಳ ಆಟಗಳಲ್ಲಿ 9 ಮಾತ್ರ ಗ್ರೌಂಡ್‌ಗೆ ಬೀಪ್ ಆದರೆ 8ಕೆ, ಎರಡೂ ಆದರೆ 16ಕೆ, 8 ಮಾತ್ರ ಆದರೆ ಅಲ್ಟಿಮ್ಯಾಕ್ಸ್. ಎರಡೂ ಬೀಪ್ ಆಗದಿದ್ದರೆ ಬೋರ್ಡ್‌ನ ಗೆರೆ ಎಲ್ಲೋ ತುಂಡಾಗಿದೆ. ಕಾರ್ಟ್ರಿಜ್ ಡಬ್ಬಿಯನ್ನು ತಿರುಪು ಬಿಚ್ಚಿ ತೆರೆದು, ಅಂಚಿನ ಪಟ್ಟಿಯಿಂದ ಚಿಪ್‌ನ ಕಾಲಿನವರೆಗೆ ಒಂದೊಂದು ಗೆರೆಯನ್ನೂ ಬೀಪ್ ಮಾಡುತ್ತ ಹೋಗಿ. ಮಕ್ಕಳ ಕೈಯಲ್ಲಿ ಸಾವಿರ ಸಲ ಮೇಲೆ ಕೆಳಗೆ ಅಲುಗಾಡಿದ ಕಾರ್ಟ್ರಿಜ್‌ಗಳಲ್ಲಿ ರೋಮ್ ಕಾಲಿನ ಸುತ್ತ ಬೆಸುಗೆ ಉಂಗುರದಂತೆ ಬಿರುಕು ಬಿಟ್ಟಿರುತ್ತದೆ. ಅಲ್ಲಿ ಸ್ವಲ್ಪ ಫ್ಲಕ್ಸ್ ಹಚ್ಚಿ ಮತ್ತೆ ಕಾಯಿಸಿದರೆ ಸಾಕು.

ನಂತರದ ಕಾಲದ, 1990ರ ಸುಮಾರಿನ ದೊಡ್ಡ ಕಾರ್ಟ್ರಿಜ್‌ಗಳು 512ಕೆವರೆಗೂ ಇದ್ದವು. ಅವು ಆಟವನ್ನು ಹೋಳು ಹೋಳಾಗಿ ಮುಂದಿಡುತ್ತವೆ. ಯಾವ ಹೋಳು ಬೇಕೆಂದು 56832ನೇ ವಿಳಾಸಕ್ಕೆ ಬರೆದರೆ ಕಾರ್ಟ್ರಿಜ್‌ನೊಳಗಿನ ಲ್ಯಾಚ್ ಚಿಪ್ ಬದಲಿಸಿಕೊಡುತ್ತದೆ. ಮೊದಲ ಹಂತ ಚೆನ್ನಾಗಿ ನಡೆದು ಎರಡನೆಯದಕ್ಕೆ ಹೋಗುವಾಗ ಪ್ರತಿ ಸಲ ಅಲ್ಲೇ ನಿಲ್ಲುತ್ತಿದ್ದರೆ ಆ ಬರಹದ ಸೂಚನೆ ಲ್ಯಾಚ್‌ಗೆ ತಲುಪಿಸುವ 7ನೇ ಸಂಪರ್ಕ ಅಥವಾ ಆ ಲ್ಯಾಚ್ ನೋಡಿ.

ಕಾರ್ಟ್ರಿಜ್ ಸರಿ ಇದೆ, ಯಂತ್ರದಲ್ಲೇ ದೋಷ

ಬೇರೆ ಒಳ್ಳೆಯ ಕಾರ್ಟ್ರಿಜ್‌ಗಳೂ ನಡೆಯದಿದ್ದರೆ ಮಾತ್ರ ಇಲ್ಲಿಗೆ ಬನ್ನಿ. ಇಲ್ಲೂ ಒಂದು ಅಲ್ಟಿಮ್ಯಾಕ್ಸ್ ಆಟ ಕೈಯಲ್ಲಿದ್ದರೆ ಅದೇ ಒಳ್ಳೆಯ ಪರೀಕ್ಷಾ ಸಾಧನ. ಬೇಸಿಕ್ ಪರದೆ ಬರುತ್ತಿಲ್ಲ, ಆದರೆ ಜುಪಿಟರ್ ಲ್ಯಾಂಡರ್ ಚೆನ್ನಾಗಿ ನಡೆಯುತ್ತಿದೆ ಎಂದರೆ ಪ್ರೊಸೆಸರ್, ವಿಡಿಯೋ ಚಿಪ್ ಎರಡೂ ಸರಿ ಇವೆ. ಆಗ ಅನುಮಾನ ಕರ್ನಲ್ ರೋಮ್ ಯು4, ಬೇಸಿಕ್ ರೋಮ್ ಯು3ರ ಮೇಲೆ, ಅಥವಾ ಮೊದಲ 4ಕೆ ಆಚೆಗಿನ ರ‍್ಯಾಮ್ ಮೇಲೆ. ಬೇಸಿಕ್‌ನಲ್ಲಿ ಅಕ್ಷರಗಳೆಲ್ಲ ಕಲಸಿಹೋಗಿದ್ದು ಈ ಆಟದಲ್ಲಿ ಚಿತ್ರ ಸ್ವಚ್ಛವಾಗಿದ್ದರೆ ಅಕ್ಷರಗಳ ರೋಮ್ ಯು5 ನೋಡಿ. ಅಲ್ಟಿಮ್ಯಾಕ್ಸ್ ಸ್ಥಿತಿಯಲ್ಲಿ ವಿಡಿಯೋ ಚಿಪ್ ಅಕ್ಷರಗಳನ್ನು ಕಾರ್ಟ್ರಿಜ್‌ನಿಂದಲೇ ತೆಗೆದುಕೊಳ್ಳುತ್ತದೆ.

ಕಮೊಡೋರ್‌ನವರೇ ರಿಪೇರಿ ಕೇಂದ್ರಗಳಿಗೆಂದು ಮಾಡಿದ ಡೆಡ್ ಟೆಸ್ಟ್ ಎಂಬ 781220 ಸಂಖ್ಯೆಯ ಕಾರ್ಟ್ರಿಜ್ ಕೂಡ ಇದೇ ಅಲ್ಟಿಮ್ಯಾಕ್ಸ್ ಸ್ಥಿತಿಯನ್ನು ಬಳಸುತ್ತದೆ. ಕಪ್ಪು ಪರದೆಯ ಯಂತ್ರಕ್ಕೆ ಹಾಕಿದರೆ ಸ್ವಲ್ಪ ಹೊತ್ತು ಏನೂ ಕಾಣುವುದಿಲ್ಲ, ಗಾಬರಿಯಾಗದೆ ಕಾಯಿರಿ. ರ‍್ಯಾಮ್ ಕೆಟ್ಟಿದ್ದರೆ ಪರದೆ ಮಿಂಚುತ್ತದೆ, ಎಷ್ಟು ಸಲ ಮಿಂಚಿತು ಎಂಬುದು ಎಂಟು ರ‍್ಯಾಮ್ ಚಿಪ್‌ಗಳಲ್ಲಿ ಯಾವುದು ಎಂದು ಹೇಳುತ್ತದೆ. ಈ ಯಂತ್ರದಲ್ಲಿ ಎಂಟು 4164 ಚಿಪ್‌ಗಳಿದ್ದು ಒಂದೊಂದೂ ಪ್ರತಿ ಬೈಟ್‌ನ ಒಂದೊಂದು ಬಿಟ್ ಹಿಡಿದಿರುತ್ತದೆ. ಅದಕ್ಕೇ ಒಂದು ಪೂರ್ತಿ ಸತ್ತರೆ ಎಲ್ಲವೂ ನಿಲ್ಲುತ್ತದೆ. ಮಿಂಚದೆ, ಪರೀಕ್ಷೆಯ ಪರದೆಯೂ ಬರದೆ ಕಪ್ಪಾಗಿಯೇ ಉಳಿದರೆ ಪಿಎಲ್‌ಎ ಯು17 ಅನುಮಾನದ ಪಟ್ಟಿಯಲ್ಲಿ ಮೇಲೆ ಬರುತ್ತದೆ. ಬೇಸಿಕ್ ಚೆನ್ನಾಗಿದ್ದು, ಸ್ವಚ್ಛ ಮಾಡಿದ ಯಾವ ಕಾರ್ಟ್ರಿಜ್ ಹಾಕಿದರೂ 38911 ಎಂದೇ ಬರುತ್ತಿದ್ದರೂ ಅದೇ. ಎರಡು ತಂತಿಗಳನ್ನು ನೋಡಬೇಕಾದ ಚಿಪ್ ನೋಡುತ್ತಿಲ್ಲ.

ಬಿಸಿಯೂ ಸುಳಿವು ಕೊಡುತ್ತದೆ. ಕೆಲವು ನಿಮಿಷ ಆನ್ ಇಟ್ಟು ರ‍್ಯಾಮ್ ಚಿಪ್‌ಗಳ ಮೇಲೆ ಬೆರಳು ಇಡಿ. ಒಂದು ಮಾತ್ರ ಮುಟ್ಟಲಾರದಷ್ಟು ಕಾದಿದ್ದರೆ ಅದೇ ಹೋಗಿರುವುದು. ಪಿಎಲ್‌ಎ, ವಿಡಿಯೋ ಚಿಪ್, ಸೌಂಡ್ ಚಿಪ್ ಕಾಯುವುದು ಸಹಜ. ಆಟ ಹತ್ತು ಹದಿನೈದು ನಿಮಿಷ ನಡೆದು ಆಮೇಲೆ ಕೆಡುತ್ತಿದ್ದರೆ, ತಣ್ಣಗಾದ ಮೇಲೆ ಮತ್ತೆ ನಡೆದರೆ, ಚಿಪ್‌ಗಳಿಗೆ ಹೀಟ್‌ಸಿಂಕ್ ಅಂಟಿಸುವುದಕ್ಕಿಂತ ಮೊದಲು ಆ ಕಾದ ಸ್ಥಿತಿಯಲ್ಲೇ 5 ವೋಲ್ಟ್ ಅಳೆಯಿರಿ. 4164 ಚಿಪ್‌ನ 8ನೇ ಕಾಲು 5 ವೋಲ್ಟ್, 16ನೇ ಕಾಲು ಗ್ರೌಂಡ್. ಮೀಟರ್ ಮೊನೆ ಜಾರಿ ಪಕ್ಕದ ಕಾಲಿಗೆ ತಾಗದಂತೆ ಕೈ ಸ್ಥಿರವಾಗಿಡಿ.

ಆಟ ನಡೆಯುತ್ತದೆ, ಆದರೆ ಸರಿಯಾಗಿ ಅಲ್ಲ

ಚಿತ್ರದ ಆಕಾರಗಳೆಲ್ಲ ಸರಿ, ಬಣ್ಣಗಳು ಮಾತ್ರ ಅಲ್ಲಲ್ಲಿ ಚುಕ್ಕಿ ಚುಕ್ಕಿಯಾಗಿ ತಪ್ಪಿದ್ದರೆ ಬಣ್ಣದ ರ‍್ಯಾಮ್, ಯು6ರಲ್ಲಿರುವ 2114. ಶಬ್ದ ಪೂರ್ತಿ ಇಲ್ಲವೆಂದರೆ ಸಿಡ್ ಎಂಬ ಸೌಂಡ್ ಚಿಪ್ ಅಥವಾ ಬರೀ ವಿಡಿಯೋ ಕೇಬಲ್. ಕೇಬಲ್ ಮೊದಲು ನೋಡಿ.

ಜಾಯ್‌ಸ್ಟಿಕ್ ಕೆಲಸ ಮಾಡದಿದ್ದರೆ ಮೊದಲು ಇನ್ನೊಂದು ಪೋರ್ಟ್‌ಗೆ ಹಾಕಿ ನೋಡಿ. ಆರಂಭದ ಆಟಗಳಲ್ಲಿ ಕೆಲವು 1 ಕೇಳುತ್ತವೆ, ಕೆಲವು 2, ಒಂದು ನಿಯಮವಿಲ್ಲ. ಕ್ಲೌನ್ಸ್ ಆಟಕ್ಕೆ ಜಾಯ್‌ಸ್ಟಿಕ್ ಅಲ್ಲ, ತಿರುಗಿಸುವ ಪ್ಯಾಡಲ್ ಬೇಕು. ಅದಿಲ್ಲದೆ ಆಟ ಕೆಟ್ಟಿದೆ ಎಂದುಕೊಳ್ಳುವವರಿದ್ದಾರೆ. ಪೋರ್ಟ್ ಪರೀಕ್ಷೆಗೆ ಕಾರ್ಟ್ರಿಜ್ ತೆಗೆದು ಬೇಸಿಕ್‌ನಲ್ಲಿ 56320ನೇ ವಿಳಾಸವನ್ನು ಪೀಕ್ ಮಾಡಿ, ಗೋಟು (GOTO) ಆಜ್ಞೆ ಹಾಕಿ ಅದೇ ಸಾಲು ಸುತ್ತುತ್ತಿರುವಂತೆ ಬಿಡಿ. 2ನೇ ಪೋರ್ಟ್‌ನ ಜಾಯ್‌ಸ್ಟಿಕ್ ಸುಮ್ಮನಿದ್ದಾಗ 127, ಮೇಲೆ ತಳ್ಳಿದರೆ 126, ಕೆಳಗೆ 125, ಎಡಕ್ಕೆ 123, ಬಲಕ್ಕೆ 119, ಗುಂಡಿ ಒತ್ತಿದರೆ 111. 1ನೇ ಪೋರ್ಟ್‌ಗೆ ವಿಳಾಸ 56321, ಸುಮ್ಮನಿದ್ದಾಗ 255. ಒಂದು ದಿಕ್ಕಿನ ಸಂಖ್ಯೆ ಮಾತ್ರ ಬದಲಾಗದಿದ್ದರೆ ಬೇರೆ ಜಾಯ್‌ಸ್ಟಿಕ್ ಹಾಕಿ. ಆಗಲೂ ಬದಲಾಗದಿದ್ದರೆ ಪೋರ್ಟ್‌ನ ಬೆಸುಗೆ ಅಥವಾ ಯು1. 1ನೇ ಪೋರ್ಟ್ ಕೀಬೋರ್ಡ್ ಜೊತೆ ತಂತಿ ಹಂಚಿಕೊಳ್ಳುವುದರಿಂದ ಬೇಸಿಕ್‌ನಲ್ಲಿ ಅದರ ಗುಂಡಿ ಒತ್ತಿದರೆ ಸ್ಪೇಸ್ ಒತ್ತಿದಂತಾಗುತ್ತದೆ. ಅದು ದೋಷವಲ್ಲ.

ಆಟ ನೆನಪಿಗಿಂತ ನಿಧಾನ ಎನ್ನಿಸಿದರೆ ಯಂತ್ರ ಯಾವ ದೇಶದ್ದು ನೋಡಿ. ಅಮೆರಿಕದ ಎನ್‌ಟಿಎಸ್‌ಸಿ ಟಿವಿ ಪದ್ಧತಿಯ ಯಂತ್ರ ಸೆಕೆಂಡಿಗೆ 60 ಸಲ ಪರದೆ ಬಿಡಿಸುತ್ತದೆ, ಬ್ರಿಟನ್ ಮತ್ತು ಜರ್ಮನಿಯ ಪಾಲ್ ಯಂತ್ರ 50 ಸಲ. ಪರದೆಯ ಲಯಕ್ಕೆ ಹೊಂದಿಸಿ ಬರೆದ ಎನ್‌ಟಿಎಸ್‌ಸಿ ಆಟ ಪಾಲ್ ಯಂತ್ರದಲ್ಲಿ ಆರನೇ ಒಂದು ಭಾಗದಷ್ಟು ನಿಧಾನವಾಗುತ್ತದೆ, ಸಂಗೀತದ ಗತಿಯೂ ತಗ್ಗುತ್ತದೆ. ಅಮೆರಿಕದಿಂದ ತಂದ ಯಂತ್ರವನ್ನು ನಮ್ಮ ಹಳೆಯ ಪಾಲ್ ಟಿವಿಗೆ ಜೋಡಿಸಿದಾಗ ಚಿತ್ರ ಕಪ್ಪು ಬಿಳುಪಾಗಿ ಬಂದರೆ ಅಥವಾ ಉರುಳುತ್ತಿದ್ದರೆ ಅದೂ ಇದರಿಂದಲೇ. ಎರಡೂ ಪದ್ಧತಿ ಒಪ್ಪುವ ಟಿವಿ ಹುಡುಕಿ, ಒಳಗಿನ ಯಾವ ತಿರುಪನ್ನೂ ತಿರುಗಿಸಬೇಡಿ.